ತಂಬಿಟ್ಟಿನಾರತಿಯ ದಿನದ ಪಿಯಾನೊ

ನನ್ನ ಮೊಮ್ಮಗಳಿಗೆ ಎರಡನೇ ಬಹುಮಾನ ಬಂತು! ಎಷ್ಟೋ ದೇಶದ ಮಕ್ಕಳು ಪಿಯಾನೊ ನುಡಿಸಿದರು, ಅವರಲ್ಲಿ ನಮ್ಮವಳು ಎರಡನೆಯವಳು. ಹಳ್ಳಿಮೈಸೂರಿನಲ್ಲಿ ಬಸ್ಸಿಗೆ ನಿಂತವರಿಗೆಲ್ಲ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ಹಾಸನದ ಒಂದು ಸ್ಕೂಲಿನಲ್ಲಿ ನಾನು ಕಸ ಗುಡಿಸುವವಳು. ಇವಳನ್ನೂ ಅಲ್ಲಿಗೇ ಸೇರಿಸಿದ್ದೆ. ಪ್ರಾರ್ಥನೆಯ ಹಾಲಿನಲ್ಲಿದ್ದ ಪಿಯಾನೊ ಮುಂದೆ ಇವಳು ಕೂತರೆ ಏಳುತ್ತಿರಲಿಲ್ಲ, ಟೀಚರಮ್ಮ ಕಲಿಸಿದರು. ಸ್ಪರ್ಧೆ ಹೊರದೇಶದ್ದಾದರೂ ಅವರವರ ಊರಲ್ಲೇ ಕ್ಯಾಮೆರಾ ಮುಂದೆ ನುಡಿಸಬೇಕಿತ್ತು. ನಮಗೆ ಕೊಟ್ಟಿದ್ದು ಸ್ಕೂಲಿನ ಹಾಲಿನಲ್ಲೇ ಬೆಳಗ್ಗೆ ಹನ್ನೊಂದು ಗಂಟೆ, ಬಹುಮಾನ ಹೇಳುವುದೂ ಅವತ್ತೇ.

ಅವತ್ತೇ ಊರಮ್ಮನ ಹಬ್ಬ. ಅಕ್ಕಿಹಿಟ್ಟಿನ ತಂಬಿಟ್ಟಿನ ಮೇಲೆ ದೀಪ ಹಚ್ಚಿ ನಮ್ಮ ಮನೆಯಿಂದ ಗುಡಿಗೆ ತಂಬಿಟ್ಟಿನಾರತಿ ಹೊರುವುದು ಮದುವೆಯಾಗದ ಹೆಣ್ಣುಮಗಳು, ಅಂದರೆ ಇವಳೇ. ಹೋದ ವರ್ಷ ಪರೀಕ್ಷೆ ಅಂತ ಆರತಿ ತಪ್ಪಿತ್ತು, ಆಮೇಲೆ ನನ್ನ ಮಗನ ಎತ್ತು ಸತ್ತಿತ್ತು. ಅವನು ಎರಡನ್ನೂ ಗಂಟು ಹಾಕಿಕೊಂಡಿದ್ದ.

ಚೀಲ ಹಾಕಿಕೊಂಡು ಹೊರಟ ತನ್ನ ಮಗಳನ್ನು ಜಡೆ ಹಿಡಿದು ಎಳೆದ, ಕೆನ್ನೆಗೆ ಹೊಡೆದ. ಬಲಗೈಯನ್ನು ಬಾಗಿಲ ಸಂದಿಗೆ ಒತ್ತಿ ಹಿಡಿದ.

"ಬೆರಳೇ ಇಲ್ದಿದ್ರೆ ಏನ್ ಬಾರ್ಸೀಯ, ನೋಡ್ತೀನಿ."

ಬಾಗಿಲು ಬಡಿಯುವಷ್ಟರಲ್ಲಿ ಅವಳ ಕೈ ಕಿತ್ತು ನನ್ನ ಕೈ ಇಟ್ಟೆ. ಎರಡು ಬೆರಳು ಮುರಿದ ಸದ್ದು ನನಗೇ ಕೇಳಿಸಿತು. ಎಡಗೈಗೆ ಮುದ್ದೆ ಕೋಲು ಸಿಕ್ಕಿತು. ಹೆತ್ತ ಮಗನ ತಲೆಗೇ ಬಿಟ್ಟೆ. ಅವನು ರಕ್ತ ಸುರಿಸುತ್ತ ಹೊಸಿಲ ಮೇಲೆ ಕುಸಿದ. ಮಗು ಅವನನ್ನೇ ನೋಡುತ್ತ ನಿಂತಿತ್ತು.

"ನೋಡ್ಬ್ಯಾಡ ಕಣವ್ವ, ಓಗು. ಬಸ್ ಬತ್ತದೆ," ಅಂದೆ.

ಅವಳು ಓಡಿದಳು. ಕೈಗೆ ಸೀರೆ ಸೆರಗು ಸುತ್ತಿಕೊಂಡು ಆರತಿಯನ್ನು ನಾನೇ ಹೊತ್ತೆ, ಗಂಡನಿಲ್ಲದ ಮುದುಕಿ. ಬಿಳೀ ತಂಬಿಟ್ಟಿನ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು. ಗುಡಿ ಮುಂದೆ ಊರ ಯಜಮಾನರು ಅಡ್ಡ ನಿಂತು ಬೈದರು. ಒಬ್ಬ ನನ್ನ ಭುಜ ಹಿಡಿದು ನೂಕಿದ.

"ನಮ್ಮನೆ ಮಗೀನ ಬೆರಳು ಉಳಿಸ್ಕೊಂಡ್ ಬಂದಿವ್ನಿ. ಬೇಕಾದ್ರೆ ಇಸ್ಕೊಳಿ, ಇಲ್ದಿದ್ರೆ ಅಮ್ಮನೇ ನನ್ನ ಕೇಳ್ಲಿ," ಅಂದೆ.

ಯಾರೂ ಇಸ್ಕೊಳ್ಳಲಿಲ್ಲ. ಮೆಟ್ಟಿಲ ಮೇಲೇ ಇಟ್ಟು ಬಂದೆ. ಆಮೇಲೆ ಸೊಸೆ ನಮ್ಮಿಬ್ಬರನ್ನೂ ಒಂದೇ ಆಟೋದಲ್ಲಿ ಹೊಳೆನರಸೀಪುರದ ಆಸ್ಪತ್ರೆಗೆ ಕರೆದೊಯ್ದಳು. ನನಗೆ ಪಟ್ಟಿ, ಅವನಿಗೆ ಹೊಲಿಗೆ. ವಾಪಸು ಬರುವಾಗ ಟೀಚರಮ್ಮ ಫೋನು ಮಾಡಿ ಎರಡನೇ ಬಹುಮಾನ ಅಂದರು. ನಾನು ಆಟೋದಲ್ಲೇ ಕೂಗಿಕೊಂಡೆ, ಡ್ರೈವರು ಬ್ರೇಕು ಹಾಕಿಬಿಟ್ಟ.

ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ಮೊಮ್ಮಗಳು ನನಗೆ ತುತ್ತು ಮುರಿದು ಬಾಯಿಗಿಡುತ್ತಿದ್ದಳು. ಅವಳ ಕೆನ್ನೆ ಇನ್ನೂ ಊದಿತ್ತು. ಎದುರಿಗೆ ತಲೆಗೆ ಬಟ್ಟೆ ಕಟ್ಟಿಕೊಂಡ ನನ್ನ ಮಗ, ತಟ್ಟೆಯಿಂದ ಕಣ್ಣೆತ್ತದೆ ಮಗಳಿಗೆ, "ಇನ್ನೊಂದಿಷ್ಟು ಸಾರು ಬುಡವ್ವ," ಅಂದ.

ಅವಳು ನನ್ನ ತುತ್ತನ್ನು ತಟ್ಟೆಗಿಟ್ಟು ಅವನನ್ನು ನೋಡಿದಳು. ಆಮೇಲೆ ಸೌಟು ಎತ್ತಿಕೊಂಡಳು.