ಸೌಟಕ್ಕ

ನಮ್ಮ ಬೀದಿಯ ಟೈಲರಮ್ಮನಿಗೆ ಸೌಟಕ್ಕ ಅಂತಲೇ ಹೆಸರು. ಮೊಬೈಲಿನಲ್ಲಿ ಹಳೇ ಸಾಮಾನು ಕೊಳ್ಳುವವರಾಗಲಿ ಮಾರುವವರಾಗಲಿ, ಮೊದಲು ಅವಳ ಅಂಗಡಿಗೆ ಬಂದು, ಹೊಲಿಗೆ ಮೆಷಿನ್ನಿನ ಪಕ್ಕದ ಖಾಲಿ ಜಾಗದಲ್ಲಿ ನಿಂತೇ ಫೋನು ಮಾಡಬೇಕು. ಮಾರುವವನನ್ನು ಅವಳು ಕೇಳುವುದು ಒಂದೇ: "ಆ ಫ್ರಿಜ್ಜಿನ ಮೇಲೆ ಒಂದು ಸೌಟು ಇಟ್ಟು ಈಗಲೇ ಫೋಟೋ ಕಳಿಸಪ್ಪ." ಯಾರದೋ ಫೋಟೋ ಕದ್ದು ವ್ಯಾಪಾರಕ್ಕೆ ಕೂತವನು ಸೌಟು ಎಲ್ಲಿಂದ ಇಟ್ಟಾನು? ಅಲ್ಲಿಗೇ ಕಾಲು ಕೀಳುತ್ತಾನೆ. ಎಂಥೆಂಥ ಗಂಟಲುಗಳು ಆ ಒಂದು ಸೌಟಿಗೆ ಒಣಗಿದ್ದನ್ನು ಈ ಕಿವಿಯಾರೆ ಕೇಳಿದ್ದೇನೆ. ಶಾಲೆ ಮೆಟ್ಟಿಲು ಹತ್ತದೆ ಲೋಕವನ್ನೇ ಅರೆದು ಕುಡಿದವನು ನಾನು. ನನಗೆ ಟೋಪಿ ಹಾಕುವವರು ಇನ್ನೂ ಹುಟ್ಟಿಲ್ಲ ಅಂತ ಮೀಸೆ ತಿರುವುತ್ತಿದ್ದೆ. ಮೊನ್ನೆ ಹೆಂಡತಿಗೆ ಕಿವಿ ಕೇಳಿಸುವ ಯಂತ್ರ ತರೋಣವೆಂದು ಮನೆಯ ಬೀರು ಮಾರಲು ಅಲ್ಲೇ ನಿಂತಿದ್ದೆ. ಕೊಳ್ಳುವವನು, "ಅಂಕಲ್, ದುಡ್ಡು ಕಳಿಸಿದೀನಿ, ಪಿನ್ ಒತ್ತಿ, ಬಂದುಬಿಡುತ್ತೆ" ಅಂದ. ಇನ್ನೇನು ಒತ್ತಬೇಕು, ಸೌಟಕ್ಕ ಅಳತೆ ಟೇಪಿನಿಂದ ಛಟ್ಟನೆ ಕೈಗೆ ಹೊಡೆದಳು. "ಪಿನ್ನು ಒತ್ತೋದು ದುಡ್ಡು ಕೊಡೋಕೆ ಅಣ್ಣ. ಬರೋ ದುಡ್ಡು ತಾನಾಗೇ ಬರುತ್ತೆ, ಬಾಗಿಲು ತಟ್ಟಲ್ಲ." ಹೆಂಡತಿಯ ಕಿವಿ ಉಳಿಯಿತು, ನನ್ನ ಮೀಸೆ ಇಳಿಯಿತು. ಮಾತು ಮರೆಸಲು, "ಇಲ್ಲೊಂದು ಕುರ್ಚಿ ಹಾಕಬಾರದೇನವ್ವಾ?" ಅಂದೆ. ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು: "ಅದು ನನ್ನ ಎರಡನೇ ಮೆಷಿನ್ನಿನ ಜಾಗ ಅಣ್ಣ. ಫೋಟೋ ನೋಡಿ ದುಡ್ಡು ಕಳಿಸಿದ್ದೆ. ಬರಲೇ ಇಲ್ಲ." ನಾನು ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದು ನಿಂತೆ.