ನಮ್ಮ ಹೆಂಗಸರಿಗೆ ಬೇಡವಂತೆ

ಊರಿನ ಅಭಿಪ್ರಾಯ ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಯಾವ ಊರು, ಯಾರ ಅಭಿಪ್ರಾಯ? ಅರುವತ್ತರ ದಶಕದ ನಡುವಿನಲ್ಲಿ ಮಣ್ಣಗುಡ್ಡದ ನಮ್ಮ ಓಣಿಗೆ ಸರಕಾರದ ವ್ಯಾನು ಬರತೊಡಗಿತು. ಹೆಂಗಸರಿಗೆ ಗರ್ಭಕೋಶದೊಳಗೆ ಲೂಪ್ ಎಂಬ ಪ್ಲಾಸ್ಟಿಕ್ ಸುರುಳಿ ಹಾಕುತ್ತಾರೆ, ಬೇಕೆಂದಾಗ ತೆಗೆಯುತ್ತಾರೆ, ಅಲ್ಲಿಯವರೆಗೆ ಬಸಿರಿಲ್ಲ ಎಂದು ನರ್ಸಮ್ಮ ಮನೆಮನೆಗೆ ಹೇಳಿ ಹೋದರು.

ನನ್ನ ಅಕ್ಕನಿಗೆ ಆಗ ಐದು ಮಕ್ಕಳು. ಐದನೆಯದರಲ್ಲಿ ರಕ್ತ ಹೋಗಿ ಹೋಗಿ ಬದುಕಿದ್ದೇ ಹೆಚ್ಚು. ಇನ್ನೊಂದು ಹೆರಿಗೆಯಾದರೆ ಉಳಿಯುವುದಿಲ್ಲ ಎಂದು ಡಾಕ್ಟರು ಭಾವನಿಗೆ ಬಿಡಿಸಿ ಹೇಳಿದ್ದರು. ಮದುವೆಯಾಗದ ನಾನು ಅವಳ ಮನೆಯಲ್ಲೇ ಇದ್ದು, ಮಕ್ಕಳನ್ನು ನೋಡಿಕೊಂಡು ಬೀಡಿ ಕಟ್ಟುತ್ತಿದ್ದೆ.

ಬೀಡಿ ಕಟ್ಟುವ ಜಗಲಿಯಲ್ಲಿ ಸುದ್ದಿಗೆ ಬರವೆಲ್ಲಿ? ಲೂಪ್ ಹೊಟ್ಟೆಯಿಂದ ಮೇಲೇರಿ ಎದೆಗೆ ಹತ್ತುತ್ತದಂತೆ, ಹಾಕಿಸಿಕೊಂಡವಳನ್ನು ಗಂಡ ಬಿಡುತ್ತಾನಂತೆ. ಹೇಳಿದವರೆಲ್ಲ ಕೇಳಿದವರೇ, ಕಂಡವರು ಒಬ್ಬರೂ ಇಲ್ಲ. ಅದೇ ಹೆಂಗಸರು ಒಬ್ಬೊಬ್ಬರೇ ಸಿಕ್ಕಾಗ ಮಾತ್ರ ಮೆಲ್ಲಗೆ, "ನಿನ್ನ ಅಕ್ಕ ಹಾಕಿಸ್ತಾಳಾ ಮಾರಾಯ್ತಿ? ಅವಳಿಗೆ ಎಂತ ಆಗ್ತದೆ ನೋಡಿ ಮತ್ತೆ ನಾನು" ಎನ್ನುತ್ತಿದ್ದರು.

ಅಕ್ಕ ತಯಾರಿದ್ದಳು. ಆದರೆ ಗಂಡ ಒಪ್ಪಿದರೆ ಮಾತ್ರ ಹಾಕುತ್ತೇವೆ ಎಂದಿದ್ದರು ನರ್ಸಮ್ಮ. ಭಾವನಿಗೆ ಅಕ್ಕನೆಂದರೆ ಜೀವ, ಊರವರೆಂದರೆ ಹೆದರಿಕೆ.

"ಜನ ಎಂತ ಹೇಳ್ತಾರೆ? ನಾಲ್ಕು ಜನ ಹಾಕಿಸ್ಲಿ, ಮತ್ತೆ ನೋಡುವ" ಎಂದರು.

"ಆ ನಾಲ್ಕು ಜನಕ್ಕೆ ಡಾಕ್ಟ್ರು ಸಾಯ್ತೀರಿ ಅಂತ ಹೇಳಿದ್ದಾರಾ ಭಾವ?" ಎಂದು ಕೇಳಿದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಆ ವಾರವೇ ಓಣಿಯ ಹಿರಿಯರು ಕೂಡಿ ವ್ಯಾನು ಕಳಿಸುವ ಸರಕಾರಿ ಆಫೀಸರನ್ನು ಕಂಡು, ನಮ್ಮ ಹೆಂಗಸರಿಗೆ ಇದು ಬೇಡ ಎಂದು ಹೇಳಿ ಬಂದರು. ಹೆಂಗಸರನ್ನು ಯಾರೂ ಕೇಳಿರಲಿಲ್ಲ. ವ್ಯಾನು ಬರುವುದು ನಿಂತೇ ಹೋಯಿತು. ನಾನು ಬಲ್ಮಠದ ಕಡೆ ಇದ್ದ ಅವರ ಆಫೀಸಿಗೆ ನಡೆದು ಹೋಗಿ ಕೈಮುಗಿದೆ.

"ನಮ್ಮ ಅಕ್ಕನಿಗೆ ಬೇಕು ಸಾರ್. ಒಂದು ಸಲ ವ್ಯಾನು ಕಳಿಸಿ."

"ಜನರ ವಿರೋಧ ಉಂಟಲ್ಲಮ್ಮ, ನಾನು ಎಂತ ಮಾಡ್ಲಿ? ಗಂಡನನ್ನು ಕರ್ಕೊಂಡು ಆಸ್ಪತ್ರೆಗೆ ಬರ್ಲಿ" ಎಂದರು ಆಫೀಸರು. ಮನುಷ್ಯ ಒಳ್ಳೆಯವರೇ. ನಾನೇ ಅವಳ ಗಂಡನಾಗಿದ್ದರೆ ಆಗುತ್ತಿತ್ತಲ್ಲ ಎಂದು ದಾರಿಯುದ್ದಕ್ಕೂ ಅಳುತ್ತಾ ಬಂದೆ. ಭಾವನ ಕಾಲು ಹಿಡಿದೆ. ಅವರೂ ಅತ್ತರು, ಆದರೆ ಆಸ್ಪತ್ರೆಗೆ ಹೊರಡಲಿಲ್ಲ. ಅಷ್ಟರಲ್ಲಿ ಅಕ್ಕನಿಗೆ ವಾಂತಿ ಶುರುವಾಯಿತು.

ಆರನೆಯದು ಹೆಣ್ಣು. ಮಗು ಉಳಿಯಿತು.

ಅಕ್ಕ ಹೋದ ಮೇಲೆ ಓಣಿಯ ಬಾಯಿ ತಿರುಗಿತು. ಸರಕಾರ ವ್ಯಾನು ನಿಲ್ಲಿಸಿದ್ದೇ ತಪ್ಪು ಎಂದು ಶಾಲೆಯ ಜಗಲಿಯಲ್ಲಿ ಸಭೆ ಕರೆದರು. ಅದೇ ಹಿರಿಯರು, ಅದೇ ಗಂಟಲು. ಸರಕಾರವೂ ಕೇಳಿತು, ಬೇಗನೆ ವ್ಯಾನು ಕಳಿಸಿತು. ಹೆಂಗಸರು ಸಾಲು ನಿಂತರು. ನಾನು ಮಗುವನ್ನು ಸೊಂಟದಲ್ಲಿಟ್ಟುಕೊಂಡು ದೂರದಿಂದ ನೋಡುತ್ತಿದ್ದೆ. ನರ್ಸಮ್ಮ ಗುರುತು ಹಿಡಿದು ಕರೆದರು.

"ಈಗ ಊರೇ ಒಪ್ಪಿದೆಯಲ್ಲ, ಅಕ್ಕನನ್ನು ಕರ್ಕೊಂಡು ಬಾ."

"ಅಕ್ಕ ಇದನ್ನು ಹೆತ್ತು ಹೋದಳು" ಎಂದೆ.

ಸಾಲಿನಲ್ಲಿ ಯಾರೂ ತಲೆಯೆತ್ತಲಿಲ್ಲ. ಯಾರೂ ಸಾಲು ಬಿಡಲೂ ಇಲ್ಲ.