ದಡ ಕುಸಿದ ಮೇಲೂ ಕೊರೆತ ಸೊನ್ನೆ

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ವರ್ಷದ ಚಳಿಗಾಲದಲ್ಲಿ, ಮನೆಯಲ್ಲಿ ನನ್ನನ್ನು ಯಾರೂ ಹೆಚ್ಚು ಹೊತ್ತು ಸಹಿಸಲಾರರೆಂದು ಗೊತ್ತಾಗಿ, ನರಸೀಪುರದ ಹೊಳೆದಂಡೆ ಕಾಯುವ ಸ್ವಯಂಸೇವಕನಾದೆ. ಮೈಸೂರಿನ ಒಂದು ಸಂಘದವರು ಟೋಪಿ, ಟೇಪು ಕೊಟ್ಟು, ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಭಾನುವಾರ ಬೆಳಿಗ್ಗೆ ಮರಳ ಮೇಲಿನ ಹಕ್ಕಿ, ಪ್ರಾಣಿ ಎಣಿಸಬೇಕು. ದಂಡೆಯಲ್ಲಿ ನೆಟ್ಟ ಕಬ್ಬಿಣದ ಗೂಟದಿಂದ ದಡದ ಅಂಚಿಗೆ ಎಷ್ಟು ದೂರವೆಂದು ಅಳೆದು, ಕೊರೆತ ಬರೆಯಬೇಕು.

ಅಲ್ಲೇ ಬಟ್ಟೆ ಒಗೆಯುತ್ತಿದ್ದ ಒಬ್ಬ ಅಕ್ಕ ಎರಡನೇ ವಾರ ನನ್ನನ್ನು ಕರೆದರು. "ಅಲ್ನೋಡಿ ಸಾ, ನೀರ್ನಾಯಿ."

ಮೂರಿದ್ದವು. ಒಂದರ ಬಾಯಲ್ಲಿ ಮೀನಿತ್ತು. ನಾನು ಮೈಮರೆತು ನಿಂತು, ಆಮೇಲೆ ಫೋನ್ ಎತ್ತಿದೆ. ಸಿಕ್ಕಿದ್ದು ಕಂದು ಬಣ್ಣದ ಮಸುಕು ಮಾತ್ರ. ಅದನ್ನೇ ಆ್ಯಪಿಗೆ ಹಾಕಿ, ನೀರುನಾಯಿ, ಮೂರು ಎಂದು ಬರೆದೆ. ಸಂಘದ ಸಂಯೋಜಕರು ಚಿತ್ರ ನೋಡಿ ತಿದ್ದಿದರು: ಬೀದಿನಾಯಿ, ಮೂರು.

ಜನವರಿಯಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಭಾನುವಾರ ಹೋದರೆ ದಡವೇ ಒಂದು ಮನೆಯಷ್ಟು ಕುಸಿದಿತ್ತು. ಗೂಟವೂ ಇಲ್ಲ, ಅಕ್ಕನ ಒಗೆಯೋ ಕಲ್ಲೂ ಇಲ್ಲ. ಸಂಯೋಜಕರಿಗೆ ಫೋನ್ ಮಾಡಿದೆ.

"ಗೂಟ ಇಲ್ದೆ ಅಳತೆ ಹೇಗೆ ಬರುತ್ತೆ ಮೇಷ್ಟ್ರೇ?" ಅಂದರು ಅವರು.

"ಹಾಗಾದ್ರೆ ಖಾಲಿ ಬಿಡಲಾ?"

"ಖಾಲಿ ಬಿಟ್ರೆ ಆ್ಯಪ್ ತಗೊಳಲ್ಲ. ಸೊನ್ನೆ ಹಾಕಿ."

ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟವನು ನಾನು. ಹಾಕಿದೆ.

ಸಂಘದ ಎಣಿಕೆ ಮುಗಿದು ಸಮಾರೋಪ ನಡೆದ ದಿನ, ಇಡೀ ಹೊಳೆಯಲ್ಲಿ ಕೊರೆತವಿಲ್ಲದ ಮಾದರಿ ದಂಡೆ ನನ್ನದೆಂದು ಘೋಷಿಸಿ, ಶಾಲು ಹೊದಿಸಿದರು. ಎದ್ದು ನಿಜ ಹೇಳಬೇಕೆಂದುಕೊಂಡೆ. ಆದರೆ ಅಷ್ಟರಲ್ಲಿ ಫೋಟೋದವನು ನಗಿ ಅಂದ, ನಕ್ಕೆ.

ಮೂರನೇ ದಿನ ನಡೆದದ್ದನ್ನೆಲ್ಲ ಬರೆದು ಸಂಘಕ್ಕೆ ಪತ್ರ ಹಾಕಿ, ಹೊಳೆಗೆ ಹೋಗಿ ಅಕ್ಕನಿಗೂ ಹೇಳಿದೆ.

"ಆ ಕಡೀಕ್ ಒಂದ್ ಕೈ ಕೊಡಿ ಸಾ," ಅಂದರು ಅಕ್ಕ. ಬಟ್ಟೆ ಒಗೆಯೋಕೆ ಎಲ್ಲಿಂದಲೋ ಹೊಸ ಚಪ್ಪಡಿ ಕಲ್ಲು ತಂದಿಟ್ಟಿದ್ದರು. ಇಬ್ಬರೂ ಉರುಳಿಸಿ ನೀರಂಚಿಗೆ ಹತ್ತಿರ ತಂದೆವು. ಇಷ್ಟು ಸಾಕೇ ಅಂದೆ. ಅವರು ದಡವನ್ನೊಮ್ಮೆ, ಹೊಳೆಯನ್ನೊಮ್ಮೆ ನೋಡಿದರು.

"ನೀರಿಂದ ಇನ್ನೊಂದೆರಡ್ ಮಾರು ಇಂದಕ್ಕೆ ಆಕವ ಸಾ. ಈ ಮಣ್ಣು ನಿಲ್ಲಾಕಿಲ್ಲ."